ನಡುವಿನ ದಿನಗಳ ಸೂಜಿ

ಜುಲೈ 3, ಬುಧವಾರ

ಶಿವಿಯ ಎರಡನೇ ಇಯತ್ತೆಯ ಈ ನೋಟುಬುಕ್ಕಿನಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿವೆ. ಅವಳು ಶಾಲೆ ಬಿಟ್ಟು ಹತ್ತು ತಿಂಗಳಾಯಿತು. ಡಾಯಾಲಿಸಿಸ್ ಮಷೀನಿನ ಪಕ್ಕ ನಾಲ್ಕು ತಾಸು ಸುಮ್ಮನೆ ಕೂತರೆ ತಲೆಯೊಳಗೆ ಹುಳ ಹರಿದಾಡುತ್ತವೆ. ಅದಕ್ಕೆ ಬರೆಯಲು ಹತ್ತಿದ್ದೇನೆ. ನಾನು ನಮ್ಮೂರ ಸಾಲಿಯಲ್ಲಿ ಏಳನೇ ಇಯತ್ತೆ ಪಾಸು. ಇದನ್ನು ಯಾರೂ ಓದಬೇಕಾಗಿಲ್ಲ. ಶಿವನಿಗೆ ಓದದೆಯೇ ಎಲ್ಲ ಗೊತ್ತು.

ಇಂದು ಮಷೀನ್ ಹಚ್ಚಿ ಒಂದು ತಾಸು ಆಗಿರಲಿಲ್ಲ, ಹುಡುಗಿ ಗಡಗಡ ನಡುಗತೊಡಗಿದಳು. "ಆಯೀ, ಥಂಡಿ, ಥಂಡಿ" ಎಂದು ನನ್ನ ಸೆರಗು ಜಗ್ಗಿದಳು. ನನ್ನ ಮೊಮ್ಮಗಳು ನನಗೆ ಆಯಿ ಅನ್ನುತ್ತಾಳೆ. ಪೂರಾ ಹೆಸರು ಶಿವಕುಮಾರಿ, ವಯಸ್ಸು ಎಂಟು. ನೋಡಿದರೆ ಐದರ ಕೂಸಿನ ಹಾಗಿದ್ದಾಳೆ. ಹುಟ್ಟಿದಾಗಿನಿಂದ ಎರಡೂ ಕಿಡ್ನಿ ಸೊರಗಿದ್ದವು, ಹೋದ ಸೆಪ್ಟೆಂಬರಿನಲ್ಲಿ ಪೂರ್ತಿ ನಿಂತವು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಡಾಕ್ಟರ್ ಬಾಯಿ ಬಂದು ಕುತ್ತಿಗೆಯ ನಳಿಗೆಯನ್ನು ನೋಡಿದರು. ಆ ನಳಿಗೆಯಿಂದಲೇ ರಕ್ತ ಮಷೀನಿಗೆ ಹೋಗಿ ತೊಳೆದು ಬರುವುದು. ಅದರಲ್ಲೇ ಇನ್‌ಫೆಕ್ಷನ್ ಕೂತಿದೆಯಂತೆ.

ಮಷೀನ್ ಮುಗಿದ ಮೇಲೆ ವೈಶಾಲಿ ಸಿಸ್ಟರ್ ಒಂದು ಇಂಜೆಕ್ಷನ್ ಕೊಟ್ಟಳು. ಇವಳ ತವರು ಅಕ್ಕಲಕೋಟ. ವಾರ್ಡಿನಲ್ಲಿ ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಕನ್ನಡ.

"ಆಜಿ, ಮುಂದಿನ ಇಂಜೆಕ್ಷನ್ ಶುಕ್ರವಾರ. ಮಷೀನ್ ಮುಗದ ಮ್ಯಾಲೆ."

"ನಾಳೆ?"

"ನಾಳೆ ಏನೂ ಇಲ್ಲ."

"ಯಾಕ, ಜ್ವರಕ್ಕ ನಾಳೆ ಸೂಟಿ ಕೊಟ್ಟೀರೇನು?" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ. ಅವಳು ನಕ್ಕಳು.

ಜುಲೈ 4, ಗುರುವಾರ

ಜ್ವರ ನೂರಾ ಎರಡು. ಬೆಳಗಿನ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿದೆ. ಬೆರಳು ಸುಟ್ಟ ಹಾಗಾಯಿತು. ಮಗ ಕಾಶಿನಾಥ ಮುಲುಂಡಿನ ಬಿಲ್ಡಿಂಗಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ, ಸೊಸೆ ಮಹಾದೇವಿ ಪಾರ್ಲೆಗೆ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋದಳು. ಮನೆಯಲ್ಲಿ ನಾನು, ಹುಡುಗಿ, ರೊಟ್ಟಿಯ ಹಂಚು. ಖಾನಾವಳಿಗೆ ಐವತ್ತು ರೊಟ್ಟಿ ಬಡಿದು ಕಳಿಸಬೇಕು. ಒಂದು ರೊಟ್ಟಿ ತಿರುವಿ ಹಾಕಿ ಒಮ್ಮೆ ಅವಳ ಮೈ ಮುಟ್ಟಿ ನೋಡುತ್ತಿದ್ದೆ. ಹಂಚು ಯಾವುದು ಕೂಸು ಯಾವುದು ಗೊತ್ತಾಗದಂತಿತ್ತು.

ಪಕ್ಕದ ಖೋಲಿಯ ಭಾಗವ್ವ ಬಂದು ಬಾಗಿಲಲ್ಲಿ ಕೂತಳು.

"ನಮ್ಮ ಅಕ್ಷಯಗ ಹೋದ ವರ್ಷ ಜ್ವರ ಬಂದಾಗ ದಿನಕ್ಕ ಎರಡ ಸಲ ಚುಚ್ಚಿದ್ರು. ಮೂರನೇ ದಿನ ಎದ್ದು ಕ್ರಿಕೆಟ್ ಆಡಾಕ ಹೋದ. ನಿಮ್ಮಾಕಿಗಿ ಎರಡ ದಿನಕ್ಕ ಒಂದು ಅಂದ್ರ ಅದೇನು ಔಷಧನೋ, ಏಕಾದಶಿನೋ?"

"ದವಾಖಾನಿ ಪದ್ಧತಿ ಹಂಗಂತ."

"ಪದ್ಧತಿ ಅಲ್ಲವ್ವ ರುದ್ರವ್ವ. ಧರ್ಮದ ಖಾಟಾ, ರೊಕ್ಕ ಇಲ್ಲದ ಹಾಸಿಗಿ ಅಂದ್ರ ಔಷಧನೂ ಚಿವುಟಿ ಚಿವುಟಿನೇ ಕೊಡೋದು."

ಭಾಗವ್ವನ ಬಾಯಿ ಕೆಟ್ಟದ್ದು. ಆದರೆ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಜುಲೈ 5, ಶುಕ್ರವಾರ

ಲೋಕಲ್ ರೈಲಿನಲ್ಲಿ ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹೋದೆ. ಜ್ವರ ಇಳಿದಿಲ್ಲ. ವೈಶಾಲಿಗೆ ನೇರವಾಗಿ ಕೇಳಿದೆ, "ದಿನಾ ಯಾಕ ಕೊಡಂಗಿಲ್ಲ?"

ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಕೇಳ್ರಿ ಆಜಿ. ಈ ಔಷಧ ಉಚ್ಚಿಯೊಳಗ ಹೊರಗ ಹೋಗ್ತದ. ನಿಮಗ ನನಗಾದ್ರ ದಿನಾ ಹೋಗ್ತದ, ಅದಕ್ಕ ದಿನಾ ಕೊಡಬೇಕು. ಈಕಿಗಿ ಉಚ್ಚಿನೇ ಇಲ್ಲ. ಎಲ್ಲಿಂದ ಹೋಗಬೇಕು? ಒಳಗೇ ಕೂತಿರ್ತದ. ಮಷೀನ್ ಹಚ್ಚಿದಾಗಷ್ಟೇ ತೊಳದು ಹೋಗ್ತದ. ಅದಕ್ಕ ಮಷೀನ್ ಆದಮ್ಯಾಗ ಒಂದೇ ಡೋಸ್. ನಡುವಿನ ದಿನ ಕೊಟ್ಟರ ಮ್ಯಾಲಿಂದ ಮ್ಯಾಲೆ ಕೂಡ್ತದ. ಆಮ್ಯಾಗ ಕಿವಿ ಹೋಗ್ತಾವ."

"ಜ್ವರದ ಔಷಧಕ್ಕೂ ಕಿವಿಗೂ ಏನು ಸಂಬಂಧ?"

"ಅದ ಈ ಔಷಧದ ಗುಣ ಆಜಿ. ಅದಕ್ಕೇ ಆಗಾಗ ರಕ್ತ ತಗದು ಒಳಗ ಎಷ್ಟ ಉಳಿದದ ಅಂತ ನೋಡ್ತೀವಿ."

ಬಾಯಿಯಿಂದ ಹೂಂ ಅಂದೆ. ಮನಸ್ಸು ಹೂಂ ಅನ್ನಲಿಲ್ಲ. ಔಷಧ ಒಳಗೇ ಕೂತಿದ್ದರೆ ಜ್ವರ ಯಾಕೆ ಹೋಗಲಿಲ್ಲ? ಮಷೀನ್ ತೊಳೆದು ಹಾಕುತ್ತದೆ ಎಂದು ಅವಳ ಬಾಯಿಂದಲೇ ಬಂತಲ್ಲ. ಮಜ್ಜಿಗೆ ಮೆಣಸಿನಕಾಯಿಗೆ ಉಪ್ಪು ತುಂಬಿ ನೀರಲ್ಲಿ ಜಾಲಿಸಿದರೆ ಉಪ್ಪು ಹೋಗುತ್ತದೆ. ಹೋದ ಉಪ್ಪನ್ನು ಮತ್ತೆ ತುಂಬಬೇಕು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಇದನ್ನು ತಿಳಿಯಲು ನರ್ಸಿಂಗ್ ಓದಬೇಕಿಲ್ಲ.

ತಟ್ಟೆಯಲ್ಲಿ ಆ ಔಷಧದ ಖಾಲಿ ಬಾಟಲಿ ಬಿದ್ದಿತ್ತು. ಸೆರಗಿನ ತುದಿಗೆ ಕಟ್ಟಿಕೊಂಡೆ. ಕಳವಲ್ಲ, ಕಸ.

ಜುಲೈ 6, ಶನಿವಾರ

ಇಂದು ಸುಳ್ಳು ಹೇಳಿದೆ. ಶಿವ ನನ್ನನ್ನು ಕ್ಷಮಿಸಲಿ.

ನಾವಿರುವ ಮಲಾಡಿನ ಯಾವ ಸಣ್ಣ ದವಾಖಾನೆಯವರೂ ಶಿವಿಯನ್ನು ಮುಟ್ಟುವುದಿಲ್ಲ. ಕುತ್ತಿಗೆಯ ನಳಿಗೆ ಕಂಡ ಕೂಡಲೇ "ಡಾಯಾಲಿಸಿಸ್? ಬಡೇ ಅಸ್ಪತಾಲ್ ಲೇ ಜಾವ್" ಎಂದು ಬಾಗಿಲು ತೋರಿಸುತ್ತಾರೆ. ಹಿಂದೆ ಎರಡು ಸಲ ಹೀಗಾಗಿದೆ. ಅದಕ್ಕೆ ಮಹಾದೇವಿಯ ಓಢಣಿಯನ್ನು ಅವಳ ಕುತ್ತಿಗೆಗೆ ಎರಡು ಸುತ್ತು ಸುತ್ತಿ ನಮ್ಮ ನಾಕಾದ, ಅಂದರೆ ಚೌಕದ, ಡಾಕ್ಟರನ ಹತ್ತಿರ ಕರೆದುಕೊಂಡು ಹೋದೆ. ಬಾಟಲಿ ತೋರಿಸಿ, ದೊಡ್ಡ ದವಾಖಾನೆಯಲ್ಲಿ ಇದನ್ನೇ ಬರೆದಿದ್ದಾರೆ, ದಿನಾ ಅಷ್ಟು ದೂರ ಹೋಗಲಾಗುವುದಿಲ್ಲ ಎಂದೆ.

"ಕಿಡ್ನಿ ಕಾ ಕುಛ್ ಪ್ರಾಬ್ಲಮ್?" ಎಂದು ಕೇಳಿದ.

"ಕುಛ್ ನಹೀ ಸಾಬ್."

"ಗಲೇ ಮೇ ಕ್ಯಾ ಹೈ?" ಎಂದು ಕುತ್ತಿಗೆಯ ಕಡೆ ಬೆರಳು ಮಾಡಿದ.

"ಫೋಡಾ ಥಾ. ಕಾಟ್ ದಿಯಾ." ಕುರು ಆಗಿತ್ತು, ಕೊಯ್ಯಿಸಿದೆವು ಎಂದೆ.

ಅವನ ದವಾಖಾನೆಯ ಹೊರಗೆ ಇಪ್ಪತ್ತು ಮಂದಿ ಸಾಲಾಗಿ ಕೂತಿದ್ದರು. ಓಢಣಿ ಬಿಚ್ಚಿ ನೋಡುವಷ್ಟು ಹೊತ್ತು ಅವನಿಗಿರಲಿಲ್ಲ. ತೂಕ ನೋಡಿ ಸೂಜಿ ತುಂಬಿ ಚುಚ್ಚಿದ. ಇನ್ನೂ ಕೆಲವು ದಿನ ಬರಬೇಕೆಂದ.

ಹೊರಗೆ ಬಂದಾಗ ಶಿವಿ ಅಂದಳು, "ಆಯೀ, ಸುಳ್ಳ ಹೇಳಿದ್ರ ಶಿವ ನೋಡ್ತಾನ ಅಂತಿದ್ದಿ."

"ನೋಡ್ಲಿ. ನೋಡಿದ್ರ ನನ್ನ ನೋಡ್ಲಿ. ನೀ ಮಾತ್ರ ದವಾಖಾನ್ಯಾಗ ಹೇಳಬ್ಯಾಡ. ಹೇಳಿದ್ರ ನಿನ್ನ ಖಾಟಾ ಬ್ಯಾರೆಯವ್ರಿಗಿ ಕೊಡ್ತಾರ."

"ಪಪ್ಪಾಗ?"

"ಬ್ಯಾಡ."

"ಮಮ್ಮಿಗೂ?"

"ಮಮ್ಮಿಗೂ."

ಕೈ ಮುಂದೆ ಚಾಚಿದಳು. ಆಣೆ ಹಾಕಿಸಿಕೊಂಡೆ.

ಜುಲೈ 8, ಸೋಮವಾರ

ಮಳೆ. ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್. ಸ್ಟೇಷನ್ನಿನಲ್ಲಿ ಎರಡು ತಾಸು ನಿಂತು ವಾಪಸು ಬಂದೆವು. ಇಂದಿನ ಡಾಯಾಲಿಸಿಸ್ ತಪ್ಪಿತು. ಹುಡುಗಿಯ ಮುಖ ಉಬ್ಬಿದೆ. ನೀರು ಕುಡಿಸಬಾರದೆಂದು ತಂಬಿಗೆಯನ್ನು ಮೇಲಿಟ್ಟೆ.

ನಾಕಾ ಡಾಕ್ಟರನ ದವಾಖಾನೆ ಮಾತ್ರ ತೆರೆದಿತ್ತು. ಮೊಣಕಾಲುದ್ದ ನೀರಿನಲ್ಲಿ ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಚುಚ್ಚಿಸಿಕೊಂಡು ಬಂದೆ. ಮಷೀನ್ ಇಲ್ಲದ ದಿನ ಔಷಧವಾದರೂ ಬೇಕಲ್ಲ.

ಜುಲೈ 10, ಬುಧವಾರ

ಜ್ವರ ಹೋಯಿತು! ತೊಂಬತ್ತೆಂಟು. ಲೋಕಲ್‌ನ ಕಿಟಕಿಯಲ್ಲಿ ಕೂತು ಹಾಡು ಹೇಳಿದಳು. ಡಾಕ್ಟರ್ ಬಾಯಿ ಕೂಡ "ಔಷಧ ಹಿಡೀತು" ಎಂದು ಬೆನ್ನು ತಟ್ಟಿದರು. ಯಾರ ಔಷಧ ಎಂದು ನನಗೆ ಗೊತ್ತು. ಮಷೀನಿಗೆ ಮೊದಲು ರಕ್ತ ತೆಗೆದುಕೊಂಡರು. ಮಷೀನ್ ಮುಗಿದ ಮೇಲೆ ವೈಶಾಲಿ ಅವಳ ಡೋಸ್ ಕೊಟ್ಟಳು. ಮಲಾಡಿನಲ್ಲಿ ಇಳಿದು ನಾಕಾದಲ್ಲೂ ಒಂದು ಹಾಕಿಸಿದೆ. ಬೇರು ಸಮೇತ ಹೋಗಲಿ.

ಇಂದು ಶಿವನಿಗೆ ಎರಡು ಊದುಬತ್ತಿ ಜಾಸ್ತಿ.

ಜುಲೈ 12, ಶುಕ್ರವಾರ

ಇಂದು ಅಕ್ಷರ ನೆಟ್ಟಗಾಗುತ್ತಿಲ್ಲ.

ಬುಧವಾರದ ರಕ್ತದ ರಿಪೋರ್ಟು ಬಂದಿದೆ. ಔಷಧ ಇರಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಇದೆಯಂತೆ. ಡಾಕ್ಟರ್ ಬಾಯಿ ಕಾಗದ ಹಿಡಿದುಕೊಂಡು ಬಂದು ಎಲ್ಲರ ಎದುರಿಗೇ ವೈಶಾಲಿಯನ್ನು ಕೇಳಿದರು, ಮಕ್ಕಳ ಸಣ್ಣ ಬಾಟಲಿಯ ಬದಲು ದೊಡ್ಡವರ ಬಾಟಲಿ ಒಡೆದೆಯಾ ಎಂದು. ವೈಶಾಲಿಯ ಮುಖ ಸುಣ್ಣವಾಯಿತು. "ನಾಹಿ ಮ್ಯಾಡಮ್, ಶಪಥ್" ಎಂದಳು.

ಆಮೇಲೆ ಡಾಕ್ಟರ್ ಬಾಯಿ ನನ್ನ ಕಡೆ ತಿರುಗಿದರು. ಹಿಂದಿಯಲ್ಲಿ, ಸಾವಕಾಶವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು. ಹೊರಗೆ ಎಲ್ಲಾದರೂ ಇಂಜೆಕ್ಷನ್ ಹಾಕಿಸಿದ್ದರೆ ಈಗ ಹೇಳಿಬಿಡಿ. ಹಾಗಿದ್ದರೆ ರಿಪೋರ್ಟು ಖರೆ. ನಾಳೆ, ನಾಡಿದ್ದು ಎರಡೂ ದಿನ ಜಾಸ್ತಿ ಮಷೀನ್ ಹಚ್ಚಿ ತೊಳೆದು ತೆಗೆಯುತ್ತೇವೆ, ಕಿವಿ ಉಳಿದರೂ ಉಳಿದಾವು. ಇಲ್ಲವಾದರೆ ರಕ್ತವನ್ನು ಔಷಧ ಹಾಕಿದ ನಳಿಗೆಯಿಂದಲೇ ತೆಗೆದು ತಪ್ಪು ಲೆಕ್ಕ ಬಂದಿರಬಹುದು, ಸೋಮವಾರ ಮತ್ತೆ ನೋಡುತ್ತೇವೆ. ಮಷೀನಿಗೆ ಬೇರೆ ಮಕ್ಕಳ ಸಾಲಿದೆ, ಸುಮ್ಮನೆ ಕೊಡಲಾಗುವುದಿಲ್ಲ.

ಖಾಟಾ ಕೊಟ್ಟ ದಿನ ಒಂದು ಕಾಗದಕ್ಕೆ ನನ್ನ ಸಹಿ ಮಾಡಿಸಿಕೊಂಡಿದ್ದರು. ಕೇಳದೆ ಹೊರಗಿನ ಔಷಧ ಮಾಡಿದರೆ ಖಾಟಾ ಮುಂದಿನ ಮಗುವಿಗೆ ಎಂದು ಓದಿ ಹೇಳಿದ್ದರು. ಮಷೀನ್ ಹೋದರೆ ಶಿವಿ ಹದಿನೈದು ದಿನ ಬದುಕುವುದಿಲ್ಲ. ಕಿವಿ ದೊಡ್ಡದೋ ಜೀವ ದೊಡ್ಡದೋ?

"ನಹೀ ಬಾಯಿ. ಕಹೀ ನಹೀ" ಎಂದೆ.

ಶಿವಿ ನನ್ನನ್ನೇ ನೋಡುತ್ತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಆಣೆಗೆ ತಪ್ಪುವ ಹುಡುಗಿ ಅಲ್ಲ.

ಈ ವಾರವೆಲ್ಲ ನಾಕಾಕ್ಕೆ ಹೋಗಿದ್ದೆ, ನಿನ್ನೆ ಕೂಡ. ಇನ್ನು ಹೋಗುವುದಿಲ್ಲ.

ಜುಲೈ 13, ಶನಿವಾರ

"ಆಯೀ, ಕಿವ್ಯಾಗ ಜೀರುಂಡಿ ಕೂತದ."

ಬೆಳ್ಳುಳ್ಳಿ ಕಾಸಿದ ಎಣ್ಣೆ ಎರಡು ಹನಿ ಬಿಟ್ಟೆ. ನೂರೆಂಟು ಸಲ ನಮಃ ಶಿವಾಯ ಅಂದೆ. ಇನ್ನೂ ಜಿರ್ ಅನ್ನುತ್ತದಂತೆ. ಇಂದೇ ಹೇಳಿದರೆ ಇಂದೇ ಮಷೀನ್ ಹಚ್ಚುತ್ತಾರೇನೋ. ಮಲಾಡ್ ಸ್ಟೇಷನ್ನಿನ ತನಕ ಹೋದೆ. ತಿಕೀಟಿನ ಸಾಲಿನಲ್ಲಿ ನಿಂತೆ. ವಾಪಸು ಬಂದೆ.

ಜುಲೈ 15, ಸೋಮವಾರ

ರಕ್ತದಲ್ಲಿ ಔಷಧ ಇನ್ನೂ ಹೆಚ್ಚೇ ಇದೆ. ತಪ್ಪು ಲೆಕ್ಕ ಅಲ್ಲ ಎಂದಾಯಿತು. ವೈಶಾಲಿಯನ್ನು ಔಷಧದ ಕಪಾಟಿನ ಹತ್ತಿರ ಬಿಡುತ್ತಿಲ್ಲ. ಅವಳ ಮೇಲೆ ಚೌಕಶಿ, ಅಂದರೆ ವಿಚಾರಣೆ, ನಡೆಯುತ್ತದಂತೆ. ಕಂತ್ರಾಟು ನೌಕರಿ ಅವಳದು.

ಕೈ ತೊಳೆಯುವಲ್ಲಿ ನನ್ನನ್ನು ತಡೆದಳು. "ಆಜಿ, ಖರೇ ಹೇಳ್ರಿ. ನಾ ಬೈಯೋದಿಲ್ಲ. ಖಾಟಾ ಯಾರೂ ಕಸಗೊಳ್ಳೂದಿಲ್ಲ, ಆ ಕಾಗದ ಬರೇ ಹೆದರ್ಸಾಕ. ನನ್ನ ನೌಕರಿ ಹಾಳಾಗಿ ಹೋಗ್ಲಿ. ಇವತ್ತ ಹೇಳಿದ್ರ ಇನ್ನೂ ಹೊತ್ತದ, ಸ್ವಲ್ಪರೆ ಉಳಿಸಬಹುದು."

ನಾನು ನಲ್ಲಿ ಬಂದ್ ಮಾಡಿ ಸೆರಗಿಗೆ ಕೈ ಒರೆಸಿಕೊಂಡು ಬಂದೆ. ಸುಮ್ಮನಿದ್ದದ್ದು ಸುಳ್ಳಾಗುವುದಿಲ್ಲ.

ಜುಲೈ 18, ಗುರುವಾರ

ಹುಡುಗಿಗೆ ಹಟ ಬಂದಿದೆ. ರೋಗದ ಮಕ್ಕಳನ್ನು ಮುದ್ದು ಮಾಡಿದರೆ ಹೀಗೇ. ಕರೆದರೆ ಬರುವುದಿಲ್ಲ. ಗೋಡೆಗೆ ಮುಖ ಮಾಡಿ ಕೂತು ಬಳೆ ಚೂರು ಆಡುತ್ತಾಳೆ. ಇಂದು ನಾಲ್ಕು ಸಲ ಕರೆದೆ, ಐದನೇ ಸಲಕ್ಕೆ ಬೆನ್ನಿಗೆ ಒಂದು ಕೊಟ್ಟೆ. ಬೆಚ್ಚಿಬಿದ್ದು ತಿರುಗಿದಳು. "ಯಾಕ ಹೊಡದಿ?" ಎಂದು ಕೂಗಿದಳು. ಕೂಗುವ ಕೊಬ್ಬಿಗೆ ಕೆನ್ನೆಗೂ ಒಂದು ಬಿತ್ತು.

ನಡೆಯುವಾಗ ಕುಡಿದವರ ಹಾಗೆ ವಾಲುತ್ತಾಳೆ. ಮೋರಿಯ ಹತ್ತಿರ ಎರಡು ಸಲ ಬಿದ್ದಳು. ನಿಶ್ಶಕ್ತಿ.

ಜುಲೈ 21, ರವಿವಾರ

ಮಹಾದೇವಿಗೆ ಇಂದು ಸೂಟಿ. ಕುಕ್ಕರ್ ಸೀಟಿ ಹೊಡೆಯಿತು. ಶಿವಿ ಯಾವಾಗಲೂ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು. ಇಂದು ಪಕ್ಕದಲ್ಲೇ ಕೂತು ಜಡೆಯ ರಿಬ್ಬನ್ ಬಿಚ್ಚುತ್ತಿದ್ದಳು. ಮಹಾದೇವಿ ನನ್ನನ್ನು ನೋಡಿದಳು. ಎದ್ದು ಮಗಳ ಹಿಂದೆ ಹೋಗಿ ಎರಡು ತಾಟು ಜೋರಾಗಿ ಬಡಿದಳು.

ಶಿವಿ ತಿರುಗಲಿಲ್ಲ.

"ಅತ್ತೀ," ಎಂದಳು ಮಹಾದೇವಿ, "ಈಕಿಗಿ ಕೇಳವಲ್ದು. ನೀವು ಇಡೀ ವಾರ ಹೊಡದ್ರಲ್ಲ, ಈಕಿಗಿ ಕೇಳವಲ್ದು."

"ನಾ ಹ್ಯಾಂಗ ತಿಳ್ಕೊಳ್ಳಿ? ನೀ ಮನ್ಯಾಗಿದ್ರ ನಿನಗ ತಿಳೀತಿತ್ತು" ಎಂದೆ. ಅವಳು ತಾಟು ಕೆಳಗಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಅಕ್ಕಿ ಹೊತ್ತಿತು.

ಜುಲೈ 22, ಸೋಮವಾರ

ಕಿವಿ ಪರೀಕ್ಷೆ ಆಯಿತು. ಅಮೋಲ್ ಎಂಬ ಹುಡುಗ ಅವಳನ್ನು ಗಾಜಿನ ಖೋಲಿಯಲ್ಲಿ ಕೂರಿಸಿ ಕಿವಿಗೆ ಡಬ್ಬಿ ಹಾಕಿದ. ಸಪ್ಪಳ ಕೇಳಿದರೆ ಕೈ ಎತ್ತು ಎಂದು ಸನ್ನೆ ಮಾಡಿ ತೋರಿಸಿದ. ಪಾಪ, ಅವಳು ಅವನ ಮುಖವನ್ನೇ ನೋಡಿ ನೋಡಿ ಊಹೆ ಮಾಡಿ ಕೈ ಎತ್ತುತ್ತಿದ್ದಳು. ಪಾಸಾಗಬೇಕೆಂದು. ಅವನು ತಿರುಗಿ ಕೂತ ಮೇಲೆ ಕೈ ಮೇಲೇಳಲೇ ಇಲ್ಲ.

ಎರಡೂ ಕಿವಿ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದ ಒಂದಿಷ್ಟೂ ಹೋಗಬಹುದು ಎಂದರು.

ಇಷ್ಟು ಹೆಚ್ಚಾಗಬೇಕಾದರೆ ವೈಶಾಲಿಯೂ ಹೆಚ್ಚು ಕೊಟ್ಟಿರಲೇಬೇಕು. ನಾಕಾ ಡಾಕ್ಟರನ ಆ ಸಣ್ಣ ಸೂಜಿಗೆ ಇಡೀ ಕಿವಿ ಹೋಗುತ್ತದೆಯೇ? ಅಕ್ಷಯನಿಗೆ ದಿನಕ್ಕೆ ಎರಡು ಚುಚ್ಚಿದ್ದರು, ಅವನಿಗೇನಾಯಿತು?

ಜುಲೈ 29, ಸೋಮವಾರ

ವೈಶಾಲಿ ವಾರ್ಡಿನಲ್ಲಿಲ್ಲ. ಮನೆಯಲ್ಲಿ ಕೂರಿಸಿದ್ದಾರೆ. ಹೊಸ ಸಿಸ್ಟರಿಗೆ ಕನ್ನಡ ಬರುವುದಿಲ್ಲ, ಬಂದರೂ ಶಿವಿಗೆ ಏನು ಉಪಯೋಗ.

ವೈಶಾಲಿಯ ಕೈ ಮೊದಲಿನಿಂದಲೂ ಅವಸರದ್ದು. ಒಮ್ಮೆ ಪಕ್ಕದ ಖಾಟಾದ ಹುಡುಗನ ಸಲೈನ್ ಕೆಳಗೆ ಬೀಳಿಸಿದ್ದಳು, ನಾನೇ ನೋಡಿದ್ದೇನೆ. ಮಾತಾಡುತ್ತಾ ಆಡುತ್ತಾ ಔಷಧ ತುಂಬುತ್ತಿದ್ದಳು.

ಆಗಸ್ಟ್ 5, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಉಪವಾಸ. ದವಾಖಾನೆಯಿಂದ ಬರುವಾಗ ಗುಡಿಗೆ ಹೋದೆವು. ಶಿವಿ ಗಂಟೆ ಹೊಡೆದಳು. ಕೇಳಿಸಲಿಲ್ಲವೆಂದು ಮತ್ತೆ ಹೊಡೆದಳು, ಮತ್ತೆ ಹೊಡೆದಳು. ಪೂಜಾರಿ ಬಂದು ಅವಳ ಕೈ ಹಿಡಿದು ಹಗ್ಗ ಬಿಡಿಸಿದ. "ಬಹಿರೀ ಹೈ ಕ್ಯಾ?" ಎಂದು ಬೈದ. ಹೌದು, ಕಿವುಡಿ ಅಂದೆ. ಆಮೇಲೆ ಒಂದು ಹಿಡಿ ಸಕ್ಕರೆ ಹೆಚ್ಚು ಕೊಟ್ಟ.

ಕಾಶಿನಾಥ ಯಾರೋ ವಕೀಲನ ಹತ್ತಿರ ಅರ್ಜಿ ಬರೆಸಿಕೊಂಡು ಬಂದಿದ್ದಾನೆ. ವೈಶಾಲಿ ಮತ್ತೆ ಯಾವ ದವಾಖಾನೆಯಲ್ಲೂ ಸೂಜಿ ಹಿಡಿಯಬಾರದು ಎಂದು.

"ಯವ್ವಾ, ನೀ ಇದ್ದಿ ಅಲ್ಲಿ, ನೀನ ಸಾಕ್ಷಿ. ಇಲ್ಲಿ ಸಹಿ ಮಾಡು."

"ಓದಿ ಹೇಳು."

ಓದಿದ. ಬರೆದದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಇಂಥ ಹೆಂಗಸರನ್ನು ಬಿಟ್ಟರೆ ನಾಳೆ ಇನ್ನೊಂದು ಮಗುವಿನ ಕಿವಿ ತೆಗೆಯುತ್ತಾರೆ. ಲಿಂಗಕ್ಕೆ ಕೈ ಮುಗಿದು ಸಹಿ ಮಾಡಿದೆ. ಅಕ್ಷರ ನೆಟ್ಟಗೆ ಬಂದವು.

ನಾನು ರುದ್ರವ್ವ ಎಂದು ಬರೆಯುವುದನ್ನು ಕಾಶಿನಾಥನ ಪಕ್ಕ ನಿಂತು ಮಹಾದೇವಿಯೂ ನೋಡಿದಳು. ಅಂದಿನ ತಾಟಿನ ದಿನದಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ಆಗಸ್ಟ್ 9, ಶುಕ್ರವಾರ

ನಾಗರ ಪಂಚಮಿ. ಶಿವಿಗೆ ಪಥ್ಯ, ಉಂಡಿ ತಿನ್ನಲು ಬಿಡುವ ಹಾಗಿಲ್ಲ. ಬೆರಳಿನ ತುದಿಯಷ್ಟು ನಾಲಿಗೆಗೆ ಹಚ್ಚಿದೆ.

ಈಗ ಪೂರ್ತಿ ಕಿವುಡಾಗಿದ್ದಾಳೆ. ತನ್ನ ದನಿ ತನಗೇ ಕೇಳುವುದಿಲ್ಲವಾದ್ದರಿಂದ ಮಾತಾಡಿದರೆ ಇಡೀ ಚಾಳಿಗೆ ಕೇಳುತ್ತದೆ. ಸಂಡಾಸಿಗೆ ಹೋಗಬೇಕೆಂದು ನನ್ನ ಹತ್ತಿರ ಬಂದು ನಾಚಿಕೊಂಡು ಹೇಳಿದಳು, ಮೂರನೇ ಖೋಲಿಯ ಯಲ್ಲಾಲಿಂಗ ಅಲ್ಲಿಂದಲೇ "ಹೋಗಿ ಬಾರವ್ವಾ!" ಎಂದು ಕೂಗಿದ. ಎಲ್ಲರೂ ನಕ್ಕರು. ಅವರು ನಗುವುದನ್ನು ನೋಡಿ ಅವಳೂ ನಕ್ಕಳು.

ಚಾಳಿನ ಹುಡುಗರಿಗೆ ಹೊಸ ಆಟ ಸಿಕ್ಕಿದೆ. ಅವಳ ಬೆನ್ನ ಹಿಂದೆ ನಿಂತು ಒಬ್ಬೊಬ್ಬರಾಗಿ ಹೊಲಸು ಬೈಗುಳ ಬೈಯುತ್ತಾರೆ. ಅವಳು ತಿರುಗಿದ ಕೂಡಲೇ ಕೈ ಮುಗಿದು ನಮಸ್ಕಾರ ಮಾಡುತ್ತಾರೆ. ಅವಳೂ ನಮಸ್ಕಾರ ಮಾಡುತ್ತಾಳೆ. ನಾನು ಲಟ್ಟಣಿಗೆ ತೆಗೆದುಕೊಂಡು ಓಡಿಸಿದೆ. ಎಷ್ಟು ಸಲ ಓಡಿಸುವುದು.

ಆ ಹೆಂಗಸಿಗೆ ಶಿವ ನೋಡಿಕೊಳ್ಳಲಿ. ನನ್ನ ಕೂಸನ್ನು ಹೀಗೆ ಮಾಡಿ ತಾನು ಮನೆಯಲ್ಲಿ ಪಂಚಮಿ ಮಾಡುತ್ತಿರಬೇಕು.

ಆಗಸ್ಟ್ 12, ಸೋಮವಾರ

ಇಂದು ಚೌಕಶಿ. ಶಿವಿ ಮಷೀನಿನ ಮೇಲಿದ್ದಳು, ಅವಳನ್ನು ಬಿಟ್ಟು ನಾನು ಬರಲಾರೆ ಎಂದೆ. ಅದಕ್ಕೆ ದೊಡ್ಡ ಸಾಹೇಬರು, ಡಾಕ್ಟರ್ ಬಾಯಿ, ಇನ್ನಿಬ್ಬರು ಖಾಟಾದ ಹತ್ತಿರವೇ ಬಂದರು. ವೈಶಾಲಿಯನ್ನೂ ಕರೆಸಿದ್ದರು. ಸಿಸ್ಟರ್ ಡ್ರೆಸ್ ಇಲ್ಲದೆ ಸಾದಾ ಸೀರೆಯಲ್ಲಿದ್ದಳು, ಮೊದಲು ಗುರುತು ಸಿಗಲಿಲ್ಲ. ಸೊರಗಿದ್ದಾಳೆ. ಕಾಶಿನಾಥ ಕೆಲಸ ಬಿಟ್ಟು ಬಂದು ನನ್ನ ಪಕ್ಕ ನಿಂತಿದ್ದ. ವೈಶಾಲಿಯ ಕಡೆ ಅವನು ನೋಡಿದ ನೋಟಕ್ಕೆ ಅವಳು ತಲೆ ಎತ್ತಲಿಲ್ಲ.

ಸಾಹೇಬರು ಅರ್ಜಿ ಓದಿದರು. ಆಮೇಲೆ ನನ್ನನ್ನು ಕೇಳಿದರು. ಇದು ಒಬ್ಬಳ ಜೀವನದ ಪ್ರಶ್ನೆ, ವಿಚಾರ ಮಾಡಿ ಹೇಳಿ. ಹೊರಗೆ ಎಲ್ಲೂ ಇಂಜೆಕ್ಷನ್ ಹಾಕಿಸಿಲ್ಲವಲ್ಲ?

ಕೊರಳ ಲಿಂಗವನ್ನು ಹಿಡಿದುಕೊಂಡೆ. "ಈ ಲಿಂಗದ ಆಣಿ. ಹೊರಗ ಒಂದ ಹನಿ ಔಷಧ ಹಾಕ್ಸಿಲ್ಲ. ಏನ ಮಾಡಿದ್ರೂ ಆಕಿನೇ ಮಾಡಿದ್ದು." ಹೇಳುವಾಗ ನನ್ನ ದನಿ ಅಲುಗಲಿಲ್ಲ. ಕಾಶಿನಾಥ ಅದನ್ನು ಹಿಂದಿಯಲ್ಲಿ ಹೇಳಿದ. ವೈಶಾಲಿ ಅಲ್ಲೇ ಬಿಕ್ಕಿ ಅಳತೊಡಗಿದಳು.

ಶಿವಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಸಾಹೇಬರ ಬಾಯಿ, ನನ್ನ ಬಾಯಿ, ಅಳುವ ವೈಶಾಲಿ. ನನ್ನನ್ನು ಯಾರೋ ಬೈಯುತ್ತಿದ್ದಾರೆ ಎಂದುಕೊಂಡಳೋ ಏನೋ. ನನ್ನ ಸೆರಗು ಹಿಡಿದು ಕೆಳಕ್ಕೆ ಜಗ್ಗಿದಳು. ಬಾಗಿದೆ. ಗುಟ್ಟು ಹೇಳುವವರ ಹಾಗೆ ಬಾಯಿಗೆ ಅಂಗೈ ಅಡ್ಡ ಹಿಡಿದು ನನ್ನ ಕಿವಿಗೆ ಹಚ್ಚಿದಳು. ಹಚ್ಚಿ, ವಾರ್ಡಿನ ಆ ತುದಿಯ ಖಾಟಾಕ್ಕೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಆಯೀ, ಅಂಜಬ್ಯಾಡ. ನಾಕಾ ಡಾಕ್ಟರ ಸೂಜಿ ಮಾಡಿದ್ದು ನಾ ಯಾರಿಗೂ ಹೇಳಿಲ್ಲ. ಮಮ್ಮಿಗೂ ಹೇಳಿಲ್ಲ."

ಹಿಂದಕ್ಕೆ ಒರಗಿ, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿ ನಕ್ಕಳು.

ಸಾಹೇಬರು "ಕ್ಯಾ ಬೋಲೀ?" ಎಂದರು. ಅಲ್ಲಿ ಕನ್ನಡ ತಿಳಿದವರು ಮೂವರು. ವೈಶಾಲಿಯ ಅಳು ನಿಂತಿತ್ತು. ಅವಳು ಹೇಳಬಹುದಿತ್ತು, ಹೇಳಲಿಲ್ಲ. ಬಾಯಿಗೆ ಕೈ ಹಿಡಿದುಕೊಂಡು ಶಿವಿಯನ್ನೇ ನೋಡುತ್ತ ನಿಂತಳು.

"ಕಿವುಡ ಕೂಸು. ಏನರೆ ಬಡಬಡಸ್ತದ" ಎಂದೆ.

ಕಾಶಿನಾಥ ನನ್ನನ್ನು ಸರಿಸಿ ನನ್ನ ಮತ್ತು ಶಿವಿಯ ನಡುವೆ ಬಂದು ನಿಂತ. ಅವನ ಬೆನ್ನೂ ಕೈಗಳೂ ಮಾತ್ರ ನನಗೆ ಕಾಣುತ್ತಿದ್ದವು. ಅವನು ತನ್ನ ತೋಳಿಗೆ ಬೆರಳಿನಿಂದ ಚುಚ್ಚಿ ತೋರಿಸಿದ. ಆಮೇಲೆ ಬೆರಳುಗಳನ್ನು ಬಿಚ್ಚಿ ಮಡಿಸಿದ. ಎಷ್ಟು ದಿನ? ಶಿವಿ ಬದಿಗೆ ಬಾಗಿ ಅವನ ಆಚೆ ನನ್ನನ್ನು ಹುಡುಕಿದಳು. ಅವನು ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ತೋಳಿಗೆ ಮತ್ತೆ ಚುಚ್ಚಿದ. ಆಮೇಲೆ ಅವಳ ಮುಂದೆ ಎರಡೂ ಕೈ ಮುಗಿದ. ಅಪ್ಪ ಹಾಗೆ ಕೈ ಮುಗಿಯುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಮಷೀನಿನ ನಳಿಗೆ ಜಗ್ಗದ ಹಾಗೆ ಸಾವಕಾಶವಾಗಿ ಎರಡೂ ಕೈ ಮೇಲೆತ್ತಿದಳು. ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಒಂದು.

"ಆರಲ್ಲ, ಐದು," ಎಂದೆ ನಾನು. "ರವಿವಾರ ಅವನ ದವಾಖಾನಿ ಬಂದ್ ಇತ್ತು."